ಪ್ರಯರಿಯ ಬೀಗದ ಕೈ

ಅಕ್ಟೋಬರ್ 3, ಶುಕ್ರವಾರ

ಇವತ್ತು ಇಬ್ಬರು. ಲೀಡ್ಸ್ ಕಡೆಯ ಗಂಡ ಹೆಂಡತಿ. ಪಾಳುಬಿದ್ದ ಪ್ರಯರಿ ಮಠದ ಗೇಟಿನಲ್ಲಿ 'ಬೀಗದ ಕೈ ಪಕ್ಕದ ಮನೆಯಲ್ಲಿ ಕೇಳಿ' ಎಂಬ ಫಲಕ ನೋಡಿ ನನ್ನ ಬಾಗಿಲು ತಟ್ಟಿದರು. ಕೊಟ್ಟು ಸುಮ್ಮನಿರಬಹುದಿತ್ತು. ಇರಲಾರೆ. ಜೊತೆಗೇ ಹೊರಟೆ. ಎಂದಿನ ಕಥೆ — ಕಪ್ಪು ನಿಲುವಂಗಿಯ ಸನ್ಯಾಸಿಗಳು, ನಾನೂರು ವರ್ಷ ಮಠ ನಡೆಸಿದರು. ದೊರೆ ಎಂಟನೇ ಹೆನ್ರಿ ಮುಚ್ಚಿಸಿದ. ಚಾವಣಿಯ ಸೀಸ ಅವನ ಕಡೆಯವರು ಕರಗಿಸಿ ಒಯ್ದರು, ಕಲ್ಲು ನಮ್ಮೂರವರು ಹೊತ್ತರು. ಬೇಲಿಯಾಚೆಯ ನೆರೆಯವನು ಸ್ಟಬ್ಸ್‌ನ ಹಂದಿಗೂಡಿನ ಗೋಡೆಯಲ್ಲಿ ಈಗಲೂ ಮೂಗಿಲ್ಲದ ಕಲ್ಲಿನ ದೇವದೂತನಿದ್ದಾನೆ.

ಉಳಿದದ್ದು ಒಂದು ಕಮಾನು, ಮಾತಿನ ಕೋಣೆಯ ಮೂರು ಗೋಡೆ. ಸನ್ಯಾಸಿಗಳಿಗೆ ದಿನವೆಲ್ಲ ಮೌನ, ಬಾಯಿ ಬಿಡಬೇಕಾದರೆ ಆ ಕೋಣೆಗೇ ಬರಬೇಕಿತ್ತು.

"ಅಯ್ಯೋ ಪಾಪ, ಹೇಗಿದ್ರೋ!" ಅಂದಳು ಆಕೆ. ಮಂಗಳವಾರದಿಂದ ನಾನು ಯಾರೊಂದಿಗೂ ಮಾತಾಡಿಲ್ಲ ಅಂತ ಹೇಗೆ ಹೇಳಲಿ?

ಅಕ್ಟೋಬರ್ 14

ಪುರಾತತ್ವ ಇಲಾಖೆಯ ಹುಡುಗಿ ಬಂದಿದ್ದಳು.

"ಒಳ್ಳೇ ಸುದ್ದಿ, ಮಿಸ್ ಗಾರ್ಬಟ್! ಗೇಟಿನ ಬೀಗ ತೆಗೆದುಬಿಡ್ತೀವಿ. ಬಂದೋರು ವಿವರ ಎಲ್ಲಾ ತಮ್ಮ ಫೋನಲ್ಲೇ ಕೇಳ್ಕೋಬಹುದು. ಇನ್ನು ನಿಮಗೆ ಯಾರ ತೊಂದ್ರೆನೂ ಇಲ್ಲ."

"ತೊಂದ್ರೆ ಅಂತ ಯಾರಮ್ಮ ಹೇಳಿದ್ದು?"

ನಕ್ಕಳು. ಎರಡು ತುಂಡು ಕೇಕ್ ತಿಂದು ಹೋದಳು, ಮಹಾರಾಯಿತಿ.

ಅಕ್ಟೋಬರ್ 27

ಬೀಗ ಕಳಚಿ ಒಯ್ದರು. ಫಲಕವನ್ನೂ. ಬೀಗದ ಕೈ ಕೇಳಲು ಮರೆತರು. ನಾನಾಗಿ ಕೊಡಲಿಲ್ಲ.

ನವೆಂಬರ್ 9, ಭಾನುವಾರ

ಕಿಟಕಿಯಿಂದ ನೋಡಿದೆ. ಆರೇಳು ಜನ, ಕಿವಿಗೆ ಫೋನಿನ ವೈರು ಸಿಕ್ಕಿಸಿಕೊಂಡು ಸುತ್ತುತ್ತಾರೆ. ಒಬ್ಬರೂ ಇತ್ತ ತಿರುಗಲಿಲ್ಲ.

ಬೇಲಿಯಾಚೆಯಿಂದ ಸ್ಟಬ್ಸ್ ಕಿಚಾಯಿಸಿದ: "ಏನ್ ಹೆಸ್ಟರ್, ನಿನ್ನೂ ಮಠ ಬಿಡಿಸಿದ್ರಾ? ಹೆನ್ರಿ ಆ ಸನ್ಯಾಸಿಗಳಿಗೆ ಪಿಂಚಣಿನಾದ್ರೂ ಕೊಟ್ಟ!"

"ನೀನು ಮೊದ್ಲು ದೇವದೂತನ್ನ ಹಂದಿಗಳಿಂದ ಬಿಡಿಸೋ" ಅಂದೆ. ನಕ್ಕೆವು. ಒಳಗೆ ಬಂದು ಅತ್ತುಬಿಟ್ಟೆ... ಇಷ್ಟು ಒಂಟಿಯಾಗಿ ಎಂದೂ ಇರಲಿಲ್ಲ.

ನವೆಂಬರ್ 30

ಇವತ್ತೂ ಯಾರೂ ಇಲ್ಲ.

ಡಿಸೆಂಬರ್ 6, ಮಧ್ಯಾಹ್ನ

ಬಾಗಿಲು ತಟ್ಟಿದ ಸದ್ದು! ವಯಸ್ಸಾದ ಗಂಡಸೊಬ್ಬರು, ಕಂಕುಳಲ್ಲಿ ಹಳೇ ಪ್ರವಾಸಿ ಕೈಪಿಡಿ. "ಬೀಗದ ಕೈ ಇಲ್ಲಿ ಕೇಳ್ಬೇಕು ಅಂತ ಇದರಲ್ಲಿದೆ..."

ಗೇಟು ತೆರೆದೇ ಇದೆ ಅನ್ನಬೇಕಿತ್ತು. "ತಡೀರಿ, ತರ್ತೀನಿ" ಅಂದುಬಿಟ್ಟೆ.

ಬೆನ್ನು ಅಡ್ಡ ಮಾಡಿ ನಿಂತು, ಇಲ್ಲದ ಬೀಗ ತೆಗೆದೆ. ಥೂ, ಈ ವಯಸ್ಸಲ್ಲಿ! ಮಾತಿನ ಕೋಣೆಯಲ್ಲಿ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು ಅಂದರು:

"ಗೇಟಿಗೆ ಬೀಗ ಇಲ್ಲ ಅಂತ ನಂಗೊತ್ತು. ಬೆಳಿಗ್ಗೆನೇ ಒಳಗೆ ಹೋಗಿ ಬಂದೆ."

ಮುಖ ಬಿಸಿಯಾಯಿತು. "ಮತ್ಯಾಕ್ರೀ ಬಾಗಿಲು ತಟ್ಟಿದ್ರಿ?"

"ಕಲ್ಲಿನ ಜೊತೆ ಎಷ್ಟು ಹೊತ್ತು ಮಾತಾಡ್ಲಿ, ಹೇಳಿ?"

ಚಹಾಕ್ಕೆ ಕರೆದೆ. ನೀರು ಇಟ್ಟಿದ್ದೇನೆ. ಹೊಸ್ತಿಲಲ್ಲಿ ಬೂಟು ಬಿಚ್ಚುತ್ತಿದ್ದಾರೆ, ಏನೋ ಕೇಳುತ್ತಿ—