ಒಲಿಸುವ ಕೆಲಸ

ಮಂಗಳವಾರ, ಮಧ್ಯಾಹ್ನ

ಮುದ್ದಿನ ಮೊಂಡನಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದ ಬಂದು ತಿಂಗಳಾಯಿತು. ತಡವಾದದ್ದಕ್ಕೆ ಬೈದುಕೋ, ಆದರೆ ಪೂರ್ತಿ ಓದು. ನಿಘಂಟಿನ ಕಚೇರಿಯಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ.

ಈ ವಾರ ನನ್ನ ಪಾಲಿಗೆ ಬಂದದ್ದು ‘ಅಮಾದುವೇ’ ಎಂಬ ಫ್ರೆಂಚ್ ಕ್ರಿಯಾಪದ. ನಯವಾಗಿ ಮಾತಾಡಿ ಒಬ್ಬರ ಮನಸ್ಸನ್ನು ಮೆತ್ತಗೆ ಮಾಡುವುದು, ಒಲಿಸಿಕೊಳ್ಳುವುದು ಎಂದರ್ಥ. ಮರದ ಕಾಂಡದ ಮೇಲೆ ಬೆಳೆಯುವ ಗಟ್ಟಿ ಅಣಬೆಯೊಂದನ್ನು ನೆನೆಸಿ, ಬಡಿದು ಬಡಿದು ಬಟ್ಟೆಯಷ್ಟು ಮೆತ್ತಗೆ ಮಾಡುತ್ತಿದ್ದರಂತೆ. ಕಿಡಿ ತಾಗಿದರೆ ಸಾಕು, ಹೊತ್ತಿಕೊಳ್ಳುತ್ತಿತ್ತು. ಅದರ ಹೆಸರು ‘ಅಮಾದು’. ಪ್ರೇಮಿ ಎಂಬರ್ಥದ ಹಳೆಯ ಮಾತಿನಿಂದ ಬಂದದ್ದಂತೆ, ಅವನೂ ಬೇಗ ಹೊತ್ತಿಕೊಳ್ಳುತ್ತಾನಲ್ಲ! ಆ ಹೆಸರಿನಿಂದಲೇ ಈ ಕ್ರಿಯಾಪದ. ಭಿಕ್ಷುಕರು ಆ ಅಣಬೆಯನ್ನು ಮುಖಕ್ಕೆ ಉಜ್ಜಿಕೊಂಡು, ರೋಗಿಗಳಂತೆ ಕಂಡು, ಜನರ ಮನಸ್ಸು ಕರಗಿಸುತ್ತಿದ್ದರು ಎಂದೂ ಕೆಲವರು ಹೇಳುತ್ತಾರೆ. ಯಾವುದು ನಿಜ ಎಂದು ಸಂಪಾದಕರನ್ನು ಕೇಳಿದೆ. “ಎರಡನ್ನೂ ಬರೀರಮ್ಮ, ಜಗಳ ಬೇಡ” ಅಂದರು.

ಇನ್ನು ಅಪ್ಪನ ವಿಷಯ. ಕಣ್ಣಿನ ಪೊರೆ ಬಲಿತಿದೆ. ಅಂಗಡಿಯಲ್ಲಿ ಹೊಲಿಗೆ ಮೆಷಿನ್ ರಿಪೇರಿ ಮಾಡಿ, ಓಡಿಸಿ ನೋಡಲು ಸೂಜಿಗೆ ದಾರ ಪೋಣಿಸಲಾಗದೆ, “ಈಗಿನ ಸೂಜಿಗಳೇ ಸರಿಯಿಲ್ಲ” ಎಂದು ಗೊಣಗುತ್ತಾರೆ. ಪೋಣಿಸಿಕೊಡುವವಳು ನಾನು. ಬರುವ ಸೋಮವಾರ ಆಪರೇಷನ್ ಎಂದು ನಿಗದಿಯಾಗಿದೆ. “ಪಟ್ಟಿ ಬಿಚ್ಚೋವಾಗ ಅವನು ಎದುರಿಗಿದ್ರೆ ಮಾಡಿಸ್ಕೋತೀನಿ, ಇಲ್ದಿದ್ರೆ ಬೇಡ” ಎಂದು ಹಟ ಹಿಡಿದು ಕೂತಿದ್ದಾರೆ. ಇನ್ನೂ ಮುಂದೂಡಿದರೆ ದೃಷ್ಟಿಯೇ ಹೋಗಬಹುದು ಎಂದು ಡಾಕ್ಟರು ಹೇಳಿದ್ದಾರೆ.

ಗಿರಾಕಿಯ ಎದುರು ನೀನು ಅವರ ತಪ್ಪು ತೋರಿಸಿದ್ದು, “ಹಾಗಾದ್ರೆ ನೀನೇ ಒಂದು ಅಂಗಡಿ ಇಟ್ಕೋ ಹೋಗು” ಎಂದು ಅವರು ರೇಗಿದ್ದು, ನೀನು ನಿಜಕ್ಕೂ ಹೋಗಿ ಇಟ್ಟುಕೊಂಡದ್ದು, ಯಾವುದನ್ನೂ ಈಗ ಎತ್ತುವುದಿಲ್ಲ. “ಅವನನ್ನ ಒಲಿಸೋದು ನಿನಗೇ ಗೊತ್ತು, ನೀನೇ ಬರಿ” ಎಂದಳು ಅಮ್ಮ. ಬರೆದಿದ್ದೇನೆ. ಭಾನುವಾರವೇ ಬಂದುಬಿಡು ಮಾರಾಯ.

ನಿನಗೂ ನಿನ್ನ ಅಂಗಡಿಗೂ ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ

ತಾ. ಕ.: ನೀನು ಮನೆ ಬಿಟ್ಟುಹೋದ ವಾರ, ಊಟಕ್ಕೆ ಕೂತಾಗ, “ಅಂಗಡಿ ನಾನು ನೋಡ್ಕೋತೀನಿ ಅಪ್ಪ, ಕೆಲಸ ಕಲಿಸಿ” ಅಂದಿದ್ದೆ. ಅವರು ನಕ್ಕುಬಿಟ್ಟರು. ತಟ್ಟೆ ಬಿಟ್ಟು ಎದ್ದು, ಕೋಣೆಯ ಬಾಗಿಲು ಹಾಕಿಕೊಂಡೆ. ಚಿಲಕ ಹಾಕಲಿಲ್ಲ, ಯಾರಾದರೂ ಕರೆಯಲು ಬರುತ್ತಾರೆ ಎಂದು. “ಅವಳು ತಾನಾಗೇ ಬರ್ತಾಳೆ, ನೀವು ಊಟ ಮಾಡಿ” ಎಂದು ಅಮ್ಮ ಹೇಳಿದ್ದು ಕೇಳಿಸಿತು. ನಾನಾಗಿಯೇ ಹೋದೆ. ಊಟ ಆರಿಹೋಗಿತ್ತು.