ನಿಮ್ಮ ಗೇಟಿನಲ್ಲಿ ಸತ್ಯವ್ವ ಇರಲಿಲ್ಲ

ಲೆವೆಲ್ ಕ್ರಾಸಿಂಗ್ ಸುರಕ್ಷತಾ ಅಧ್ಯಯನದ ಮುಖ್ಯಾಧಿಕಾರಿಗಳೇ,

ರೈಲ್ವೆ ಗೇಟಿನಲ್ಲಿ ಚಾಲಕರು ಹೇಗೆ ನಡೆದುಕೊಳ್ಳುತ್ತಾರೆಂದು ತಿಳಿಯಲು, ಕೂತಲ್ಲೇ ಪರದೆಯ ಮೇಲೆ ಗಾಡಿ ಓಡಿಸುವ ಸಿಮ್ಯುಲೇಟರ್ ಯಂತ್ರ ತಂದಿರಿ. ತಿಳಿದದ್ದೇನು? ನನ್ನ ಟ್ರ್ಯಾಕ್ಟರ್ ಚಾಲಕ ಪರಶು 'ಅಯೋಗ್ಯ' ಎಂದು. ನಿಮ್ಮ ಆ ಒಂದು ಸಾಲಿಗೆ ಅವನ ಲೈಸೆನ್ಸ್ ಅಮಾನತಾಗಿ ಇವತ್ತಿಗೆ ನಲವತ್ತೊಂದು ದಿನ. ಕಬ್ಬು ಕಡಿಯುವ ಕೂಲಿಯಿಂದ ಮೂರು ಟ್ರ್ಯಾಕ್ಟರ್‌ವರೆಗೆ ಬಂದವನು ನಾನು. ಮನುಷ್ಯರನ್ನು ತೂಗಲು ಪರದೆ ಬೇಕಾಗಿಲ್ಲ. ಈ ಬಾಕಿ ಚುಕ್ತಾ ಮಾಡದೆ ನಿಮ್ಮನ್ನು ಬಿಡುವುದಿಲ್ಲ.

ನಮ್ಮ ದೊಡವಾಡದಲ್ಲಿ ಒಂದು ಗಜ ಹಳಿ ಇಲ್ಲ. ಆದರೂ ನಮ್ಮ ಕಬ್ಬು ಹಳಿ ದಾಟಿಯೇ ದೂರದ ಕಾರ್ಖಾನೆ ಸೇರಬೇಕು. ಆ ಗೇಟಿನ ಮುಂದೆ ಕಡಿದಾದ ಏರು. ಎರಡು ಟ್ರೇಲರ್ ತುಂಬಿದ ಗಾಡಿಯನ್ನು ನಡು ಏರಿನಲ್ಲಿ ನಿಲ್ಲಿಸಿದರೆ ಹಿಂದಕ್ಕೆ ಜಾರುತ್ತದೆ. ಅದಕ್ಕೇ ಪರಶು, ಗೇಟು ತೆರೆದಿದ್ದರೂ, ಏರಿನ ಕೆಳಗೇ ನಿಲ್ಲಿಸುತ್ತಾನೆ. ಕಬ್ಬು ಹೇರಲು ಜೊತೆಗೆ ಬರುವ ಅವನ ಹೆಂಡತಿ ಸತ್ಯವ್ವ ಇಳಿದು ಮೇಲೆ ಹೋಗಿ ಗೇಟ್‌ಮನ್‌ನನ್ನು ಕೇಳುತ್ತಾಳೆ: "ಯಣ್ಣಾ, ಎರಡು ಟ್ರೇಲರ್ ಅದಾವ. ದಾಟೂವಷ್ಟು ಹೊತ್ತು ಐತೇನು?" ಅವನು "ಐತಿ, ಲಗೂನ ಬರ್ರಿ" ಎಂದರೆ ಸೆರಗು ಬೀಸುತ್ತಾಳೆ. ಆಗ ಮಾತ್ರ ಗಾಡಿ ಏರುತ್ತದೆ. ಒಂಬತ್ತು ಹಂಗಾಮು ಆಯಿತು. ಗಾಡಿಗೆ ಒಂದು ಗೀರಿಲ್ಲ.

ನಿಮ್ಮ ಯಂತ್ರದಲ್ಲಿ ಏರೂ ಇರಲಿಲ್ಲ, ಟ್ರೇಲರೂ ಇರಲಿಲ್ಲ. ಸತ್ಯವ್ವನನ್ನು 'ಅನಧಿಕೃತ ವ್ಯಕ್ತಿ' ಎಂದು ಬಾಗಿಲಾಚೆ ಕೂರಿಸಿದಿರಿ. ಪರದೆಯ ಮೇಲೆ ಗೇಟು ತೆರೆಯಿತು. ಪರಶು ನಿಂತ. ನಿಂತೇ ಇದ್ದ.

"ನಡಿಯೋ ಮಾರಾಯಾ, ಗೇಟ್ ತಗದೈತಲ್ಲ!" ಎಂದರು ನಿಮ್ಮ ಎಂಜಿನಿಯರ್.

"ಆಕಿ ಇನ್ನೂ ಸೆರಗ ಬೀಸಿಲ್ರಿ, ಸಾಹೇಬ್ರ."

ನಕ್ಕಿರಿ. ಹನ್ನೊಂದು ನಿಮಿಷ ನಕ್ಕಿರಿ; ಗೋಡೆಗೊರಗಿ ನಾನು ಗಡಿಯಾರ ನೋಡುತ್ತಿದ್ದೆ. ಬಳಿಕ 'ಪ್ರತಿಕ್ರಿಯೆ ಶೂನ್ಯ' ಎಂದು ಬರೆದಿರಿ. ಹೇಗೆ ಓಡಿಸಬೇಕೆಂದು ತೋರಿಸಲು ಅದೇ ಎಂಜಿನಿಯರ್ ಕುಳಿತು, ಮೂರು ಸಲದಲ್ಲಿ ಎರಡು ಸಲ ರೈಲಿಗೆ ಸಿಕ್ಕರು. ಅವರ ಲೈಸೆನ್ಸ್ ಕಿಸೆಯಲ್ಲೇ ಇದೆಯಲ್ಲವೇ? ರೈಲಿಗೆ ಸಿಕ್ಕವರು ಯೋಗ್ಯರು, ಸಿಗದವನು ಅಯೋಗ್ಯ. ಇದು ಯಾವ ಶಾಲೆಯ ಗಣಿತ, ಮಾನ್ಯರೇ?

ಪರಶುವಿನ ಲೈಸೆನ್ಸ್ ಮರಳಿಸಿ, ಆ ಸಾಲನ್ನು ಎಲ್ಲರೆದುರು ಅಳಿಸಿ. ಇಲ್ಲವಾದರೆ ಬರುವ ಸೋಮವಾರ ನೀವೇ ಬನ್ನಿ. ಎರಡು ಟ್ರೇಲರ್ ಹೇರಿಸಿ ಇಟ್ಟಿರುತ್ತೇನೆ. ನೀವು ಸ್ಟೀರಿಂಗ್ ಹಿಡಿಯಿರಿ, ಎಂಜಿನಿಯರ್ ಪಕ್ಕದಲ್ಲಿರಲಿ. ಈ ಸಲ ನಗುವ ಸರದಿ ಊರಿನದು.

ಸೋಮವಾರ ನಿಮಗೆ ಸೆರಗು ಬೀಸಲು ಸತ್ಯವ್ವನನ್ನೂ ಕರೆದು ನೋಡಿದೆ. "ಅನಧಿಕೃತ ಅಂದಾರಲ್ರಿ ಧಣ್ಯಾರ, ಸೆರಗ ಯಾರಿಗೆ ಬೀಸ್ಲಿ? ಆವತ್ತು ನಾ ಮನ್ಯಾಗ ರೊಟ್ಟಿ ಬಡೀತೇನಿ" ಎಂದಳು.

ಇಂತಿ,
ಒಂಬತ್ತು ಹಂಗಾಮು ಒಬ್ಬ 'ಅಯೋಗ್ಯ'ನ ಕೈಗೆ ಟ್ರ್ಯಾಕ್ಟರ್ ಕೊಟ್ಟು ನಿಶ್ಚಿಂತೆಯಿಂದ ನಿದ್ದೆ ಮಾಡಿದ ದಡ್ಡ,
ನಿಜಗುಣಪ್ಪ, ದೊಡವಾಡ