ನನ್ನ ಸೈಕಲ್ಲು ಹನ್ನೆರಡನೆಯ ಕಲ್ಲಲ್ಲ

ಪುರಾತನ ಸ್ಮಾರಕಗಳನ್ನು ಕಾಯುವ ಮಾನ್ಯ ಅಧಿಕಾರಿಗಳೇ,

ಊರಾಚೆಯ ದಿಬ್ಬದ ಶಿಲಾವೃತ್ತದಲ್ಲಿ ತಾವು ಮೂರು ಸಾವಿರ ವರ್ಷ ಹಳೆಯದೆಂದು ದಾಖಲಿಸಿ, ಸರಪಳಿ ಬಿಗಿಸಿರುವ ಹನ್ನೆರಡನೆಯ ಕಲ್ಲು ನನ್ನ ಸೈಕಲ್ಲು. ಅದಕ್ಕೆ ಗಂಟೆ ಇದೆ, ಹಿಂದೆ ಕ್ಯಾರಿಯರ್ ಇದೆ. ಅದನ್ನು ಮಾರಿದ ಅಂಗಡಿಯವನು ಇನ್ನೂ ಬದುಕಿದ್ದಾನೆ.

ನನ್ನ ಅಕ್ಕ ನಲವತ್ತು ವರ್ಷ ಶಾಲೆಯಲ್ಲಿ ರೇಖಾಗಣಿತ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಈಗ ಎಂಬತ್ತೊಂದು, ಮಂಡಿ ಕೈಕೊಟ್ಟಿದೆ, ನಾಲಿಗೆ ಕೈಕೊಟ್ಟಿಲ್ಲ. ಪ್ರತಿ ಭಾನುವಾರ ಅವಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ದಿಬ್ಬಕ್ಕೆ ಹೋಗುತ್ತಿದ್ದೆ. ಅವಳು ಕಲ್ಲುಗಳ ನೆರಳನ್ನು ದಾರದಿಂದ ಅಳೆದು ಬರೆದುಕೊಳ್ಳುತ್ತಿದ್ದಳು. ವಾರದಲ್ಲಿ ಅವಳು ಹೊಸ್ತಿಲು ದಾಟುತ್ತಿದ್ದುದು ಅದೊಂದೇ ಸಲ.

ಅರವತ್ತು ವರ್ಷ ತಮ್ಮ ಸಿಬ್ಬಂದಿ ಜೀಪಿನಿಂದ ಇಳಿಯದೆ, ಹಳೆಯ ಕಡತ ನೋಡಿ ‘ಹನ್ನೆರಡು ಕಲ್ಲು’ ಎಂದು ಬರೆದರು. ಯಾರಿಗೂ ತೊಂದರೆಯಾಗಲಿಲ್ಲ. ಈ ವರ್ಷ ಪ್ರತಿ ಕಲ್ಲಿಗೂ ಸಂಖ್ಯೆ ಬರೆಯಬೇಕೆಂದು ತಾವು ಆದೇಶಿಸಿದಿರಿ. ಆ ಪ್ರಾಮಾಣಿಕತೆಯೇ ನನಗೆ ಮುಳುವಾಯಿತು. ಬಣ್ಣದ ಡಬ್ಬಿ ಹಿಡಿದವರಿಗೆ ಹನ್ನೊಂದಕ್ಕೆ ಕಲ್ಲು ಮುಗಿಯಿತು. ಖಾಲಿ ಜಾಗದಲ್ಲಿ ನನ್ನ ಸೈಕಲ್ಲು ನಿಂತಿತ್ತು. ಅದರ ಮಡ್‌ಗಾರ್ಡಿನ ಮೇಲೆ ಹನ್ನೆರಡು ಎಂದು ಬರೆದೇಬಿಟ್ಟರು.

“ಸ್ಥಿತಿ ಹೇಗಿದೆ?” ಜೀಪಿನೊಳಗಿಂದ ಪ್ರಶ್ನೆ.

“ಸ್ವಲ್ಪ ಸೊರಗಿದೆ ಸಾರ್.”

“ಸ್ವಾಮಿ, ಅದು ನನ್ನ ಸೈಕಲ್ಲು,” ಎಂದೆ.

“ನನಗೂ ಕಣ್ಣಿದೆ ಯಜಮಾನ್ರೇ,” ಎಂದರು ಬಣ್ಣದವರು. “ಹನ್ನೊಂದು ಅಂತ ಬರೆದ್ರೆ, ಇನ್ನೊಂದನ್ನ ಕದ್ದೋರು ಯಾರು ಅಂತ ನನ್ನನ್ನೇ ಕೇಳ್ತಾರೆ. ಮುಂದಿನ ಎಣಿಕೆವರೆಗೆ ಇರ್ಲಿ ಬಿಡಿ. ಇಲ್ಲಿ ಯಾರೂ ಮುಟ್ಟಲ್ಲ.”

“ನಾನು ಮನೆಗೆ ಹೇಗಪ್ಪಾ ಹೋಗ್ಲಿ?” ಎಂದಳು ಅಕ್ಕ.

“ನೀವು ಅಲ್ಲಾಡದೆ ಕೂತಿದ್ದಿದ್ರೆ ಅಜ್ಜಿ, ನಿಮ್ಮನ್ನೇ ಬರ್ಕೊಂಡು ಸೈಕಲ್ ಬಿಟ್ಟುಬಿಡ್ತಿದ್ದೆ.”

ಅಂದು ನಿವೃತ್ತ ಮುಖ್ಯೋಪಾಧ್ಯಾಯಿನಿ ಮನೆಗೆ ಬಂದದ್ದು ಇಟ್ಟಿಗೆ ಗಾಡಿಯಲ್ಲಿ. ಆಮೇಲೆ ಒಂಬತ್ತು ಭಾನುವಾರ ಕಳೆದಿವೆ. ಟೈರು ಹಾಳಾಗದಿರಲೆಂದು ನಾನು ದಿಬ್ಬಕ್ಕೆ ನಡೆದುಹೋಗಿ ಗಾಳಿ ಹೊಡೆದರೆ, ‘ಸ್ಮಾರಕದ ಮೂಲ ಆಕಾರವನ್ನು ಬದಲಿಸಿದ್ದೀರಿ’ ಎಂದು ತಮ್ಮಿಂದ ನೋಟಿಸು. ಮೂಲ ಆಕಾರ ಯಾವುದು, ಮಾನ್ಯರೇ? ನಮ್ಮ ಪೂರ್ವಿಕರು ಪಂಕ್ಚರ್ ಆದ ಟೈರನ್ನೇ ಅಲ್ಲಿ ನೆಟ್ಟಿದ್ದರೆಂಬುದು ತಮ್ಮ ಸಂಶೋಧನೆಯೇ? ಇತ್ತ ಅಕ್ಕ ಮಂಚದ ಮೇಲೆ ಕೂತು ಕಿಟಕಿಯ ಸರಳುಗಳ ನೆರಳನ್ನು ಅಳೆಯುತ್ತಾಳೆ. ಬರೆದುಕೊಳ್ಳುವುದನ್ನು ಮಾತ್ರ ನಿಲ್ಲಿಸಿದ್ದಾಳೆ.

ನಿಜವಾದ ಹನ್ನೆರಡನೆಯ ಕಲ್ಲು ಎಲ್ಲಿದೆಯೆಂದು ನಾನು ಬಲ್ಲೆ. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಅದನ್ನು ದಿಬ್ಬದಿಂದ ಉರುಳಿಸಿ ತಂದು ತಮ್ಮ ಕಚೇರಿಗೆ ಮೆಟ್ಟಿಲು ಮಾಡಿದರು. ಈ ವಿಷಯವಾಗಿ ಅರ್ಜಿ ಕೊಡಲು ನಾಲ್ಕು ಸಲ ಅದನ್ನೇ ತುಳಿದು ಒಳಗೆ ಬಂದಿದ್ದೇನೆ. ತಾವಂತೂ ದಿನಕ್ಕೆರಡು ಸಲ ತುಳಿಯುತ್ತೀರಿ.

ಆದ್ದರಿಂದ ಶನಿವಾರ ಸಂಜೆಯೊಳಗೆ ಆ ಮೆಟ್ಟಿಲಿನ ಮೇಲೆ ಹನ್ನೆರಡು ಎಂದು ಬರೆಸಿ, ನನ್ನ ಸೈಕಲ್ಲಿನ ಸರಪಳಿ ಬಿಚ್ಚಿಸಿ. ಮೆಟ್ಟಿಲ ತನಕ ಹೋಗಲು ಜೀಪೂ ಬೇಕಿಲ್ಲ. ಮುಂದಿನ ಎಣಿಕೆವರೆಗೆ ಕಾಯಿರಿ ಎನ್ನಬೇಡಿ. ಕಾಯುವುದಕ್ಕೆ ಅಕ್ಕ ಕಲ್ಲಲ್ಲ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವಳು ಎಂದಿನಂತೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕೂತಿರುತ್ತಾಳೆ. ಬಿಚ್ಚಿಲ್ಲವೆಂದಾದರೆ ಆ ಸುದ್ದಿ ಹೇಳಲು ತಾವೇ ಬನ್ನಿ. ಒಂಬತ್ತು ಸಲ ಹೇಳಿದ್ದೇನೆ, ಹತ್ತನೆಯ ಸಲಕ್ಕೆ ನನಗೆ ಧೈರ್ಯವಿಲ್ಲ.

ಇಂತಿ,
ಈ ಪತ್ರವನ್ನು ನಡೆದೇ ಹೋಗಿ ಅಂಚೆಗೆ ಹಾಕಿದ,
ಒಂದು ಪುರಾತನ ಸ್ಮಾರಕದ ಮಾಜಿ ಸವಾರ